ಒಂದೇ ಬೆಟ್ಟದ ಸಂಸಾರ

ಬೆಟ್ಟ ನೋಡುವುದೂ ಒಂದು ಕೆಲಸವೇ ಎಂದು ಕೇಳುವವರಿದ್ದಾರೆ. ಅವರೊಡನೆ ವಾದಕ್ಕಿಳಿಯುವ ಉಮೇದು ನನಗಿಲ್ಲ. ಅಷ್ಟು ಹೊತ್ತು ಬೆಟ್ಟವನ್ನಾದರೂ ನೋಡಬಹುದು. ನಾನು ಬೆಳೆದದ್ದು ಶಿವಗಂಗೆ ಕಾಣುವ ಊರಿನಲ್ಲಿ. ಆ ಬೆಟ್ಟ ಮೂಡಣದಿಂದ ನೋಡಿದರೆ ನಂದಿ, ಪಡುವಣದಿಂದ ಗಣಪತಿ, ತೆಂಕಣದಿಂದ ಲಿಂಗ, ಬಡಗಣದಿಂದ ಹೆಡೆಯೆತ್ತಿದ ನಾಗರ ಎಂದು ನಮ್ಮ ಕಡೆ ಹೇಳುತ್ತಾರೆ. ನಮ್ಮ ಮನೆ ಈ ನಾಲ್ಕು ದಿಕ್ಕಿಗೂ ಸೇರದ ಯಾವುದೋ ಸಂದಿಯಲ್ಲಿತ್ತೆಂದು ಕಾಣುತ್ತದೆ. ನನ್ನ ಕಣ್ಣಿಗೆ ಅದು ಯಾವತ್ತೂ, ಯಾರೋ ಮಡಿಚದೆ ಎದ್ದುಹೋದ ಕಂಬಳಿಯ ಹಾಗೇ ಕಂಡಿತು. ದೇವರು ಕಾಣದ ಕಣ್ಣು ಅಂತ ಅಜ್ಜಿ ಬೈಯುತ್ತಿದ್ದಳು. ಆಮೇಲೆ ಬೆಂಗಳೂರಿಗೆ ಬಂದೆ. ಈಗ ನನ್ನ ಕಿಟಕಿಗೆ ದಕ್ಕಿರುವುದು ಎದುರು ಮನೆಯ ತಾರಸಿಯ ಮೇಲಿನ ಕಪ್ಪು ಸಿಂಟೆಕ್ಸ್ ಟ್ಯಾಂಕು. ಅದನ್ನೂ ದಿನಾ ನೋಡುತ್ತೇನೆ. ಚಟ.

ಈ ಚಟಕ್ಕೆ ನಾನೇ ‘ಸುಮ್ಮನೋಟ’ ಎಂದು ನಾಮಕರಣ ಮಾಡಿಕೊಂಡಿದ್ದೇನೆ. ಸುಮ್ಮನೋಟದವರದ್ದೊಂದು ಸಂಘವಿದ್ದಿದ್ದರೆ, ಅದರ ಅಧ್ಯಕ್ಷರ ಕುರ್ಚಿಯಲ್ಲಿ ಎತೆಲ್ ಅದ್ನಾನ್ ಅವರನ್ನು ಬಲವಂತವಾಗಿಯಾದರೂ ಕೂರಿಸುತ್ತಿದ್ದೆ. 1925ರಲ್ಲಿ ಬೈರೂತಿನಲ್ಲಿ ಹುಟ್ಟಿ, ಕ್ಯಾಲಿಫೋರ್ನಿಯಾಕ್ಕೆ ವಲಸೆ ಬಂದು, ಅಲ್ಲಿಯ ತಮಲ್ಪಾಯಿಸ್ ಎಂಬ ಬೆಟ್ಟವನ್ನು ನೋಡಿ ನೋಡಿ, ಬರೆದು ಬರೆದು, 2021ರಲ್ಲಿ ಪ್ಯಾರಿಸ್ಸಿನಲ್ಲಿ ತಮ್ಮ ತೊಂಬತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡ ಚಿತ್ರಗಾರ್ತಿ ಆಕೆ, ಕವಿಯೂ ಹೌದು. ತಮಲ್ಪಾಯಿಸ್ ಅಂಥ ಭಾರೀ ಬೆಟ್ಟವೇನಲ್ಲ, 784 ಮೀಟರು. ನಮ್ಮ ಮುಳ್ಳಯ್ಯನಗಿರಿಯ ಪಕ್ಕ ನಿಲ್ಲಿಸಿದರೆ ಸೊಂಟಕ್ಕೂ ಬಾರದು. ಆದರೆ ಸಮುದ್ರದ ಮಗ್ಗುಲಲ್ಲೇ ಎದ್ದು ನಿಂತಿರುವುದರಿಂದ ಅದರ ಎತ್ತರವೆಲ್ಲ ಲೆಕ್ಕಕ್ಕೆ ಬರುತ್ತದೆ. ಪೆಸಿಫಿಕ್ಕಿನ ಮಂಜು ಅದರ ಕಾಲು ನುಂಗುತ್ತದೆ, ಕೆಲವು ದಿನ ತಲೆ ನುಂಗುತ್ತದೆ, ಕೆಲವು ದಿನ ಬೆಟ್ಟವೇ ರಜಾ ಹಾಕಿ ಹೋದಂತೆ ಜಾಗ ಖಾಲಿ.

ಬೆಟ್ಟಕ್ಕೆ ಬರುವ ಮುಂಚೆ ಮನೆಗೆ ಹೋಗಿ ಬರೋಣ. ಎತೆಲ್ ಅವರ ತಂದೆ ದಮಾಸ್ಕಸ್ಸಿನವರು, ಆಟೊಮನ್ ಸೇನೆಯ ಅಧಿಕಾರಿ. ತಾಯಿ ಸ್ಮಿರ್ನಾದ ಗ್ರೀಕ್ ಹೆಂಗಸು. ಸಾಮ್ರಾಜ್ಯ ಮುಳುಗಿತು, 1922ರಲ್ಲಿ ಸ್ಮಿರ್ನಾ ಸುಟ್ಟುಹೋಯಿತು, ಇಬ್ಬರೂ ಊರಿಲ್ಲದವರಾಗಿ ಬೈರೂತಿಗೆ ಬಂದು ನೆಲೆಸಿದರು. ಗಂಡಹೆಂಡಿರ ನಡುವೆ ತುರ್ಕಿ ಮಾತು, ತಾಯಿ ಮಗಳ ನಡುವೆ ಗ್ರೀಕ್, ಬೀದಿಯಲ್ಲಿ ಅರಬ್ಬಿ. ಶಾಲೆಯಲ್ಲಿ ಕ್ರೈಸ್ತ ಸನ್ಯಾಸಿನಿಯರ ಫ್ರೆಂಚ್. ಅಲ್ಲಿ ಅರಬ್ಬಿ ಆಡಿದ ಮಕ್ಕಳಿಗೆ ಶಿಕ್ಷೆ. ಮಗಳಿಗೆ ಅರಬ್ಬಿ ಬರಲಿ ಎಂದು ಅಪ್ಪ ಒಂದು ವ್ಯಾಕರಣದ ಪುಸ್ತಕ ಮುಂದಿಟ್ಟು ನಕಲು ಮಾಡಿಸುತ್ತಿದ್ದರಂತೆ. ಹುಡುಗಿ ಅರ್ಥ ತಿಳಿಯದೆಯೇ ಪುಟಗಟ್ಟಲೆ ಅಕ್ಷರ ತೀಡಿದಳು. ಅಪ್ಪನಿಗೆ ಬೇಕಾದ ಫಲ ಸಿಗಲಿಲ್ಲ. ಆದರೆ ಅಕ್ಷರವನ್ನು ಓದುವುದಕ್ಕಿಂತ ಮೊದಲು ನೋಡುವುದು ಮಗಳಿಗೆ ಅಭ್ಯಾಸವಾಯಿತು. ಈ ಅಭ್ಯಾಸ ಮುಂದೆ ಎಲ್ಲಿಗೆ ಹೋಗಿ ಮುಟ್ಟಿತೆಂದು ಹೇಳುತ್ತೇನೆ, ಸ್ವಲ್ಪ ತಾಳಿ.

ಮನೆಮಾತು ಒಂದು, ಬರೆಯುವ ಮಾತು ಇನ್ನೊಂದು ಎಂಬುದು ಕನ್ನಡದವರಿಗೆ ಹೊಸ ಸಮಾಚಾರವಲ್ಲ. ಬೇಂದ್ರೆಯವರ ಮನೆಯೊಳಗೆ ಮರಾಠಿ, ಮಾಸ್ತಿಯವರ ಮನೆಯೊಳಗೆ ತಮಿಳು. ಅವರಿಗೆ ಹೊಸಿಲು ದಾಟಿದರೆ ಕನ್ನಡ ಕಾದು ನಿಂತಿತ್ತು. ಎತೆಲ್ ಅವರಿಗೆ ಹೊಸಿಲಾಚೆ ಸಿಕ್ಕಿದ್ದು ಫ್ರೆಂಚ್. ಅದರಲ್ಲೇ ಕವಿತೆ ಶುರುಮಾಡಿದರು. 1949ರಲ್ಲಿ ಪ್ಯಾರಿಸ್ಸಿನ ಸೋರ್ಬಾನಿಗೆ ಹೋಗಿ ತತ್ತ್ವಶಾಸ್ತ್ರ ಓದಿದರು, 1955ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಗೆ ಬಂದರು, 1958ರಿಂದ ಸಾನ್ ರಫೇಲ್ ಎಂಬ ಊರಿನ ಡೊಮಿನಿಕನ್ ಕಾಲೇಜಿನಲ್ಲಿ ಮೇಷ್ಟ್ರಾದರು. ಅಷ್ಟರಲ್ಲಿ ಅಲ್ಜೀರಿಯಾದಲ್ಲಿ ಫ್ರಾನ್ಸಿನ ವಿರುದ್ಧ ಯುದ್ಧ ನಡೆದಿತ್ತು. ಇನ್ನು ಆ ಭಾಷೆಯಲ್ಲಿ ಬರೆಯಲು ಕೈ ಏಳದು ಎನಿಸಿತು ಆಕೆಗೆ. ಫ್ರೆಂಚ್ ಬೇಡ, ಅರಬ್ಬಿ ಬಾರದು, ಇಂಗ್ಲಿಷ್ ಇನ್ನೂ ಪರಕೀಯ. ಒಬ್ಬ ಕವಿ ಇಷ್ಟು ಭಾಷೆಗಳನ್ನು ಇಟ್ಟುಕೊಂಡು ಮೂಕಳಾಗಿ ಕೂರುವುದನ್ನು ಊಹಿಸಿಕೊಳ್ಳಿ. ನನಗೆ ಇರುವುದು ಒಂದೂವರೆ ಭಾಷೆ. ಅದರಲ್ಲೇ ನನ್ನ ಬಾಯಿ ಮುಚ್ಚಿಸುವುದು ಕಷ್ಟ ಎಂದು ಮನೆಯವರ ದೂರು.

ಆ ಕಾಲೇಜಿನ ಚಿತ್ರಕಲಾ ವಿಭಾಗದಲ್ಲಿ ಆನ್ ಒ’ಹ್ಯಾನ್ಲನ್ ಎಂಬ ಅಧ್ಯಾಪಕಿ ಇದ್ದರು. ಎತೆಲ್ ಪಾಠ ಮಾಡುತ್ತಿದ್ದ ವಿಷಯಗಳಲ್ಲಿ ಕಲೆಯ ತತ್ತ್ವಶಾಸ್ತ್ರವೂ ಒಂದು. ಚಿತ್ರ ಬರೆಯದೆ ಅದನ್ನು ಹೇಗೆ ಕಲಿಸುತ್ತೀರಿ ಎಂದು ಆನ್ ಕೇಳಿದರಂತೆ. ನನ್ನ ಕೈ ಒಡ್ಡು ಎಂದು ಅಮ್ಮ ಹೇಳುತ್ತಿದ್ದಳು, ಎಂದರು ಎತೆಲ್. ಅದನ್ನು ನೀವು ನಂಬಿಬಿಟ್ಟಿರಾ ಎಂದರು ಆನ್. ಇಷ್ಟೇ ಸಂಭಾಷಣೆ. ಕೈಗೆ ಒಂದಿಷ್ಟು ಕ್ರೇಯಾನು, ಚೂರುಪಾರು ಕಾಗದ ಬಂತು, ಮೂವತ್ತು ದಾಟಿದ ಮೇಡಂ ಚಿತ್ರಕ್ಕೆ ಕೂತರು. ಇನ್ನು ಮೇಲೆ ಅರಬ್ಬಿಯಲ್ಲಿ ಚಿತ್ರ ಬರೆಯುತ್ತೇನೆ ಎಂದು ಒಂದು ಕಡೆ ಹೇಳಿಕೊಂಡಿದ್ದಾರೆ. ಬಾರದ ಭಾಷೆಯಲ್ಲಿ ಬಣ್ಣ ಹಚ್ಚಿದರೆ ತಪ್ಪು ಹುಡುಕುವವರು ಯಾರು? ಆಕೆಯನ್ನು ವಲಸೆಗಾರ್ತಿ ಎನ್ನುವುದಕ್ಕಿಂತ ‘ಬಣ್ಣವಾಸಿ’ ಎಂದು ಕರೆಯಲು ನನಗೆ ಇಷ್ಟ.

ಆಕೆಯ ಚಿತ್ರಗಳು ಬಹುಪಾಲು ಚಿಕ್ಕವು, ತೊಡೆಯ ಮೇಲಿಟ್ಟುಕೊಂಡು ನೋಡಬಹುದಾದಷ್ಟು. ಈಸಲ್ ಇಲ್ಲ, ಕ್ಯಾನ್‌ವಾಸನ್ನು ಮೇಜಿನ ಮೇಲೆ ಚಪ್ಪಟೆ ಮಲಗಿಸಿ, ಪತ್ರ ಬರೆಯುವವರಂತೆ ಬಾಗಿ ಕೂತು ಕೆಲಸ. ಕುಂಚದ ಬದಲು ಬಣ್ಣ ಸವರುವ ಚಪ್ಪಟೆ ಚಾಕು. ಟ್ಯೂಬಿನಿಂದ ಹಿಂಡಿದ ಬಣ್ಣ ಹಿಂಡಿದ ಹಾಗೇ, ಕಲಬೆರಕೆಯಿಲ್ಲದೆ, ಒಂದೇ ಎಳೆತಕ್ಕೆ ಪಟ್ಟೆಯಾಗುತ್ತದೆ. ಎಷ್ಟೋ ಸಲ ಮೊದಲು ಬೀಳುವುದು ಒಂದು ಕೆಂಪು ಚೌಕ. ಅದರ ಸುತ್ತ ಹಳದಿ, ಎಳೆಗುಲಾಬಿ, ಹಸಿರಿನ ಹಾಸುಗಳು ಜಾಗ ಹಿಡಿಯುತ್ತವೆ, ಒಂದಕ್ಕೊಂದು ತಾಗಿದ ಅಂಚಿನಲ್ಲಿ ಚಾಕುವಿನ ಗೀರು ಉಳಿದಿರುತ್ತದೆ. ಕೂತ ಪಟ್ಟಿಗೇ ಮುಗಿಸಿ ಏಳುವುದು. ತಿದ್ದುವ ಪದ್ಧತಿ ಇಲ್ಲ. ಒಂದು ಪ್ಯಾರಾವನ್ನು ಹದಿನಾರು ಸಲ ಹೊಡೆದು ಹಾಕುವ ನನ್ನಂಥವನಿಗೆ ಇದು ಅಸೂಯೆಯ ವಿಷಯ.

ಬಹಳ ಚಿತ್ರಗಳಲ್ಲಿ ಇರುವುದು ಅದೇ ಬೆಟ್ಟ. ನೀಲಿ ಬೆಟ್ಟ, ನೇರಳೆ ಬೆಟ್ಟ, ಒಂದೇ ಒಂದು ಬಾಗುಗೆರೆಯಾಗಿ ಉಳಿದ ಬೆಟ್ಟ. ಶಿವಗಂಗೆಗೆ ನಾಲ್ಕು ರೂಪವಾದರೆ ಇದಕ್ಕೆ ಗಳಿಗೆಗೊಂದು. ಸಾಸಲಿಟೋ ಎಂಬ ಊರಿನ ಮನೆಯ ಕಿಟಕಿಯಿಂದ ವರ್ಷಗಟ್ಟಲೆ ನೋಡಿದ ಮೇಲೆ ಆಕೆಗೆ ಅದು ದೃಶ್ಯವಾಗಿ ಉಳಿಯಲಿಲ್ಲ, ಮನೆಯವರಲ್ಲಿ ಒಬ್ಬರಾಯಿತು. ದೇಶ ಬಿಟ್ಟು ಬಂದವರು ಹೊಸ ದೇಶದಲ್ಲಿ ನೆಲೆಯೂರುತ್ತಾರೆ ಎಂದು ನಾವು ಸಲೀಸಾಗಿ ಹೇಳುತ್ತೇವೆ. ಅಷ್ಟು ದೊಡ್ಡ ದೇಶದಲ್ಲಿ ಯಾರಿಗೆ ನೆಲೆಯೂರಲಾದೀತು? ಊರುವುದಾದರೆ ಒಂದು ಕಿಟಕಿ, ಅದರೊಳಗೆ ಬರುವ ಒಂದು ಗುಡ್ಡ, ಆ ಗುಡ್ಡವನ್ನು ಜೊತೆಗೆ ನೋಡುವ ನಾಲ್ಕು ಜನ, ಇಷ್ಟರಲ್ಲಿ ಊರಬೇಕು.

ಆ ನಾಲ್ಕು ಜನ ಆಕೆಗೆ ಸಿಕ್ಕರು. ತಮಲ್ಪಾಯಿಸ್‌ನ ಬುಡದಲ್ಲಿ ಮಿಲ್ ವ್ಯಾಲಿ ಎಂಬ ಊರು. ಆನ್ ಮತ್ತು ಅವರ ಗಂಡ ಅಲ್ಲೊಂದು ಕಮ್ಮಟ ನಡೆಸುತ್ತಿದ್ದರು. ಚಿತ್ರ ಕಲಿಸುವುದಕ್ಕಿಂತ ನೋಡುವುದನ್ನು ಕಲಿಸುವ ಕಮ್ಮಟ. ಗೆಳೆಯರೆಲ್ಲ ಸೇರಿ ಬೆಟ್ಟ ಹತ್ತುವುದು, ಹರಟುವುದು, ಬರೆಯುವುದು. 1986ರಲ್ಲಿ ಬಂದ ಆಕೆಯ ‘ಜರ್ನಿ ಟು ಮೌಂಟ್ ತಮಲ್ಪಾಯಿಸ್’ ಎಂಬ ಸಣ್ಣ ಪುಸ್ತಕದ ತುಂಬ ಈ ಗೆಳೆಯರು, ಈ ಬೆಟ್ಟ. ಕಥೆಯಿಲ್ಲ, ವಾದವಿಲ್ಲ. ಲಲಿತ ಪ್ರಬಂಧ ಎಂದು ನಾವು ಧೈರ್ಯವಾಗಿ ನಮ್ಮ ಕಪಾಟಿನಲ್ಲಿ ಇಟ್ಟುಕೊಳ್ಳಬಹುದಾದ ಪುಸ್ತಕ. ಮಾತೂ ಅಲ್ಲೇ ಮರಳಿತು. ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ಅಮೆರಿಕದ ಕವಿಗಳು ಬರೆಯತೊಡಗಿದಾಗ ಆಕೆಯೂ ಇಂಗ್ಲಿಷಿನಲ್ಲಿ ಒಂದು ಕವಿತೆ ಬರೆದು ಕಳಿಸಿದರು. ಹೀಗೆ ಅಮೆರಿಕದ ಯುದ್ಧವನ್ನು ಬೈಯುತ್ತಲೇ ಅಮೆರಿಕದ ಕವಿಯಾದರು. ಪೌರತ್ವಕ್ಕೆ ಇದಕ್ಕಿಂತ ಒಳ್ಳೆಯ ಅರ್ಜಿ ನನಗೆ ತಿಳಿಯದು.

ಈಗ ಆ ಅಕ್ಷರ ತೀಡುವ ಹುಡುಗಿಯ ವಿಚಾರಕ್ಕೆ ಬರೋಣ. 1960ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕಾಫಿ ಅಂಗಡಿಗಳಲ್ಲಿ ಕೂತು ಚಿತ್ರ ಬರೆಯುತ್ತಿದ್ದ ರಿಕ್ ಬಾರ್ಟನ್ ಎಂಬ ಕಲಾವಿದ ಆಕೆಗೆ ಮಡಿಕೆಯ ಪುಸ್ತಕವೊಂದನ್ನು ಪರಿಚಯಿಸಿದ. ಜಪಾನಿನ ಕಾಗದ, ಹಾರ್ಮೋನಿಯಂ ತಿದಿಯಂತೆ ಎಳೆದರೆ ಬಿಚ್ಚಿಕೊಂಡು ಮೇಜಿನ ಆ ತುದಿಗೆ ಹೋಗಿ ಬೀಳುತ್ತದೆ. ನಮ್ಮಲ್ಲಿ ಶಾನುಭೋಗರು, ಸೆಟ್ಟರು, ಮಠದವರು ಲೆಕ್ಕ ಬರೆಯುತ್ತಿದ್ದ ಕಡತದ ಕಟ್ಟೂ ಇದೇ. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿ, ಬಳಪದಲ್ಲಿ ಬರೆಯುತ್ತಿದ್ದರು. ಶೃಂಗೇರಿ ಮಠದಲ್ಲಿ ಅಂಥ ಕಡತಗಳ ದೊಡ್ಡ ಸಂಗ್ರಹವೇ ಇದೆ. ಎತೆಲ್ ತಮ್ಮ ಕಡತದಲ್ಲಿ ಬರೆದದ್ದು ಲೆಕ್ಕವಲ್ಲ, ಅರಬ್ ಕವಿಗಳ ಕವಿತೆ. ಇರಾಕಿನ ಬದ್ರ್ ಶಾಕಿರ್ ಅಲ್ ಸಯ್ಯಾಬ್ ಅವರಂಥವರ ಪದ್ಯಗಳನ್ನು ಒಂದು ಮಡಿಕೆಯಿಂದ ಇನ್ನೊಂದಕ್ಕೆ ಹರಿಸುತ್ತ, ನಡುನಡುವೆ ಜಲವರ್ಣ ಚೆಲ್ಲುತ್ತ ಹೋದರು. ಪೂರ್ತಿ ಅರ್ಥವಾಗದ ಭಾಷೆಯನ್ನೇ ಒಲವಿನಿಂದ ನಕಲು ಮಾಡಿದರು. ದಮಾಸ್ಕಸ್ಸಿನ ಅಪ್ಪ ನೋಡಿದ್ದರೆ ಕೈಬರಹಕ್ಕೆ ಎಷ್ಟು ಅಂಕ ಕೊಡುತ್ತಿದ್ದರೋ. ಆಕೆಯ ಕೆಲಸದಲ್ಲೆಲ್ಲ ನನಗೆ ಹೆಚ್ಚು ರುಚಿಸುವುದು ಈ ಕಡತಗಳೇ. ನಿಂತಲ್ಲೇ ನೋಡಿ ಮುಗಿಸಲಾಗುವುದಿಲ್ಲ. ಪಕ್ಕಪಕ್ಕಕ್ಕೆ ಸರಿಯುತ್ತ ಹೋಗಬೇಕು.

ಇನ್ನು ಆಕೆಯ ದೊಡ್ಡ ಕಾವ್ಯ, ‘ದಿ ಅರಬ್ ಅಪೊಕಲಿಪ್ಸ್’. 1972ರಲ್ಲಿ ಬೈರೂತಿಗೆ ಮರಳಿ ಪತ್ರಿಕೆಯ ಸಾಂಸ್ಕೃತಿಕ ಪುಟ ನೋಡಿಕೊಂಡಿದ್ದರು. 1975ರಲ್ಲಿ ಅಂತರ್ಯುದ್ಧ ಹೊತ್ತಿತು, ಮತ್ತೆ ಗಂಟುಮೂಟೆ. ಆ ಉರಿಯಲ್ಲಿ ಹುಟ್ಟಿದ ಈ ಕಾವ್ಯದ ಸಾಲುಗಳ ನಡುವೆ ಬಾಣ, ಸುರುಳಿ, ಗೀಟುಗಳು ಬರುತ್ತವೆ. ಪದ ನಿಂತಲ್ಲಿ ಕೈ ಚಿತ್ರಕ್ಕೆ ಇಳಿದಿದೆ. ನಿಜ ಹೇಳಬೇಕೆಂದರೆ ನಾನು ಅದನ್ನು ಒಂದೇ ಉಸಿರಿಗೆ ಓದಿದವನಲ್ಲ. ಅದು ಸುಡುತ್ತದೆ; ಸೂರ್ಯ ಅದರಲ್ಲಿ ದೇವರಲ್ಲ, ಆರೋಪಿ. ಸುಮ್ಮನೋಟದವರು ಲೋಕದ ಗೋಳಿಗೆ ಕುರುಡರು ಎನ್ನುವವರಿಗೆ ಈ ಪುಸ್ತಕ ತೋರಿಸಬೇಕು. ಬೈರೂತಿನಲ್ಲೇ ಸಿಕ್ಕ ಕಲಾವಿದೆ ಸಿಮೋನ್ ಫತ್ತಾಲ್ ಕೊನೆಯವರೆಗೂ ಆಕೆಯ ಸಂಗಾತಿ. 1982ರಲ್ಲಿ ಸಾಸಲಿಟೋದಲ್ಲಿ ಸಿಮೋನ್ ‘ಪೋಸ್ಟ್ ಅಪೊಲೊ ಪ್ರೆಸ್’ ಎಂಬ ಪ್ರಕಾಶನ ತೆರೆದರು. ಎತೆಲ್ ಅವರದ್ದು ಮಾತ್ರವಲ್ಲ, ಇತರ ಕವಿಗಳ ಪುಸ್ತಕಗಳೂ ಅಲ್ಲಿಂದ ಹೊರಬಂದವು.

2012ರಲ್ಲಿ ಜರ್ಮನಿಯ ಕಾಸೆಲ್‌ನ ಡಾಕ್ಯುಮೆಂಟಾ ಪ್ರದರ್ಶನದಲ್ಲಿ ಈ ಚಿಕ್ಕ ಚಿತ್ರಗಳು ಸಾಲಾಗಿ ತೂಗಿದವು. ಆಕೆಗೆ ಆಗ 87. ಕಲಾಲೋಕ ಒಬ್ಬ ಹೊಸ ಚಿತ್ರಗಾರ್ತಿಯನ್ನು ಕಂಡುಹಿಡಿಯಿತು ಎಂದು ಎಲ್ಲ ಕಡೆ ಬರೆದರು. ಆಕೆ ಕಳೆದುಹೋಗಿದ್ದರೆ ತಾನೆ ಕಂಡುಹಿಡಿಯಲು? ಅರ್ಧ ಶತಮಾನ ಮೇಜಿನ ಮುಂದೆಯೇ ಕೂತಿದ್ದರು. ಆಮೇಲಿನ ವರ್ಷಗಳಲ್ಲಿ ವಿಮಾನ ಹತ್ತಲಾಗದೆ ಪ್ಯಾರಿಸ್ಸಿನಲ್ಲೇ ಉಳಿದರು, ತಮಲ್ಪಾಯಿಸ್ ಮಾತ್ರ ಚಿತ್ರಕ್ಕೆ ಬರುತ್ತಲೇ ಇತ್ತು, ನೆನಪಿನಿಂದ. ನ್ಯೂಯಾರ್ಕಿನ ಗುಗೆನ್‌ಹೈಮ್‌ನಲ್ಲಿ ತಮ್ಮ ಚಿತ್ರಗಳ ಪ್ರದರ್ಶನ ನಡೆದಿರುವಾಗಲೇ ತೀರಿಕೊಂಡರು.

ನನ್ನ ಮಗಳ ಮನೆ ಇರುವುದು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಇನ್ನೊಂದು ದಂಡೆಯಲ್ಲಿ, ಫ್ರೀಮಾಂಟಿನಲ್ಲಿ. ಅಲ್ಲಿನ ಕನ್ನಡಿಗರ ಕಿಟಕಿಗಳಿಗೆ ಮಿಷನ್ ಪೀಕ್ ಎಂಬ ಬೋಳುಬೆಟ್ಟ ಕಾಣುತ್ತದೆ. ವಾರಾಂತ್ಯಕ್ಕೆ ಹತ್ತುತ್ತಾರೆ, ತುದಿಯ ಕಂಬ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಾರೆ, ಇಳಿದು ದೋಸೆ ತಿನ್ನುತ್ತಾರೆ. ಹತ್ತುವುದು ಒಳ್ಳೆಯದೇ. ಆದರೆ ಅವರಲ್ಲಿ ಯಾರಾದರೂ ಆ ಬೆಟ್ಟವನ್ನು ಹತ್ತದೆ, ಇಪ್ಪತ್ತು ವರ್ಷ ಬರೀ ನೋಡಿ, ಕನ್ನಡದಲ್ಲಿ ಬರೆದಾರೆ ಎಂದು ನಾನು ಕಾಯುತ್ತಿದ್ದೇನೆ. ಉತ್ತರ ಕ್ಯಾಲಿಫೋರ್ನಿಯಾದ ಕನ್ನಡ ಕೂಟದ ಸಂಚಿಕೆಯ ಹೆಸರು ‘ಸ್ವರ್ಣಸೇತು’. ಸೇತುವೆಗೆ ಸಂದ ಗೌರವ ಬೆಟ್ಟಕ್ಕೂ ಸಲ್ಲಲಿ.

ನೀವೂ ಮಕ್ಕಳ ಮನೆಗೆಂದು ಆ ಕಡೆ ಹೋದರೆ, ಗೋಲ್ಡನ್ ಗೇಟ್ ಸೇತುವೆಯ ಈಚೆಗೇ ಫೋಟೋ ಮುಗಿಸಿ ವಾಪಸು ಬರಬೇಡಿ. ದಾಟಿ ಸಾಸಲಿಟೋಗೆ ಹೋಗಿ, ಅಲ್ಲಿಂದ ಮಿಲ್ ವ್ಯಾಲಿಗೆ. ಬೇಸಿಗೆಯ ಬೆಳಗಿನ ಹೊತ್ತು ಬೇಡ, ಮಂಜಿರುತ್ತದೆ. ಮಧ್ಯಾಹ್ನದ ಮೇಲೆ ಹೋಗಿ, ಸ್ವೆಟರ್ ಇಟ್ಟುಕೊಳ್ಳಿ, ಕಾರಿನಲ್ಲಿ ಕೂತ ಮಗನೋ ಅಳಿಯನೋ ಗಡಿಯಾರ ನೋಡಿದರೆ ಕಾಣದವರಂತೆ ಇದ್ದುಬಿಡಿ.