ಪೊರೆ ಕಳಚಿದ ಮೇಲೆ

ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾದ ಬಳಿಕ ಮನೆಯಲ್ಲಿ ಕಳೆಯಬೇಕಾದ ವಿಶ್ರಾಂತಿಕಾಲವು, ದೇಹವೆಲ್ಲ ಸ್ವಸ್ಥವಾಗಿದ್ದೂ ತಲೆಗೆ ನೀರೆರೆದುಕೊಳ್ಳಬಾರದು, ಬಗ್ಗಿ ಭಾರವೆತ್ತಬಾರದು, ಒಗ್ಗರಣೆಯ ಹೊಗೆಗೆ ಮುಖವೊಡ್ಡಬಾರದು, ಎಷ್ಟೇ ತುರಿಸಿದರೂ ಕಣ್ಣುಜ್ಜಬಾರದು ಎಂಬ ನಿಷೇಧಗಳಿಗೆ ಒಳಪಟ್ಟುದರಿಂದ, ಇತರ ರೋಗಗಳ ಶುಶ್ರೂಷಾಕಾಲದಂತಹುದಲ್ಲ. ಅದರಲ್ಲಿ ನನಗೆ ಅತ್ಯಂತ ಪ್ರಿಯವಾದುದು ಔಷಧದ ಹನಿಗಳ ವೇಳೆ. ಸೊಸೆಯು ಸಾಬೂನಿನಿಂದ ಕೈ ತೊಳೆದು ಬಂದು, “ಮೇಲೆ ನೋಡಿ ಮಾವ” ಎಂದು ಕೆಳರೆಪ್ಪೆಯನ್ನು ಮೆಲ್ಲನೆ ಎಳೆದು ಒಂದು ಹನಿ ಬಿಡುವಳು. ಎರಡನೆಯ ಔಷಧವು ಮೊದಲನೆಯದನ್ನು ತೊಳೆದುಬಿಡದಿರಲೆಂದು ನಡುವೆ ಐದು ನಿಮಿಷ ತಡೆಯಬೇಕು. ಒಂದೇ ಸೂರಿನಡಿಯಲ್ಲಿ ಇಷ್ಟು ವರ್ಷ ಬಾಳಿಯೂ ಊಟ, ಬಿಲ್ಲು, ಮಕ್ಕಳ ಶಾಲೆಗಳಾಚೆ ಮಾತನಾಡಲು ಬಿಡುವು ದೊರೆಯದ ನಮಗೆ ಆ ಐದು ನಿಮಿಷಗಳು ದೊರೆತವು. ಕಣ್ಮುಚ್ಚಿ ಕುಳಿತ ನಾನು ಅವಳ ತವರಿನ ಅಡಕೆತೋಟವನ್ನೂ, ತೀರಿಹೋದ ಅವಳ ಅಜ್ಜಿಯನ್ನೂ ಈಗಲೇ ಮೊದಲ ಬಾರಿಗೆ ಅರಿತೆನು.

ಚಿಕಿತ್ಸೆಯಾದುದು ಬಲಗಣ್ಣಿಗೆ ಮಾತ್ರ. ವಯಸ್ಸಿನೊಡನೆ ಹಳದಿಗಟ್ಟುವ ಸಹಜ ಮಸೂರವು ನೀಲಕಿರಣಗಳನ್ನು ತಡೆದುಬಿಡುವುದರಿಂದ, ಅಂಗಳದ ಶಂಖಪುಷ್ಪವು ಎಡಗಣ್ಣಿಗೆ ಇಂದಿಗೂ ಬೂದುಬಣ್ಣದ್ದೇ. ಬಲಗಣ್ಣನ್ನು ತೆರೆದರೆ, ಅದೇ ಹೂವು, ಅದೇ ಬಿಸಿಲು, ಆದರೆ ಎಂತಹ ಗಾಢನೀಲ! ಮಬ್ಬು ಮೆಲ್ಲಮೆಲ್ಲನೆ ಕವಿದುದರಿಂದ ವರ್ಣನಾಶವು ನನಗೆ ನಷ್ಟವೆಂದೇ ತೋರಿರಲಿಲ್ಲ.

ಆ ನೀಲವನ್ನು ಮರಳಿ ಕಾಣಿಸಿದುದು, ಸಹಜ ಮಸೂರವನ್ನು ತೆಗೆದು ಬಲಗಣ್ಣಿನಲ್ಲಿರಿಸಿದ ಕೃತಕ ಮಸೂರ. ಯುದ್ಧಕಾಲದ ವಿಮಾನಗಳ ಪಾರದರ್ಶಕ ಮೇಲ್ಕವಚ ಒಡೆದು ಅದರ ಪ್ಲಾಸ್ಟಿಕ್ ಚೂರುಗಳು ಚಾಲಕರ ಕಣ್ಣೊಳಗೆ ನೆಟ್ಟಿದ್ದರೂ ಉರಿಯೂತವುಂಟಾಗದುದನ್ನು ಗಮನಿಸಿದ ಹೆರಾಲ್ಡ್ ರಿಡ್ಲಿ ಎಂಬ ವೈದ್ಯರು, ಅಂತಹುದೇ ವಸ್ತುವಿನ ಮಸೂರವನ್ನು 1949ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಮೊಟ್ಟಮೊದಲಿಗೆ ರೋಗಿಯ ಕಣ್ಣಿನಲ್ಲಿರಿಸಿದರು. ಆ ಸಣ್ಣ ವಸ್ತುವು ನಮ್ಮ ಹಳ್ಳಿಗಳನ್ನು ಮುಟ್ಟಲು ದಶಕಗಳೇ ಬೇಕಾದವು. ಅದಕ್ಕೆ ಮುನ್ನವೇ ಊರೂರು ಸಂಚರಿಸಿ, ಶಿಬಿರಗಳನ್ನು ನಡೆಸಿ, ಬಡವರ ಕಣ್ಣಿನ ಪೊರೆ ತೆಗೆದ ಡಾ. ಎಂ. ಸಿ. ಮೋದಿಯವರನ್ನು ನೆನೆಯದೆ ಕನ್ನಡನಾಡಿನಲ್ಲಿ ಈ ವಿಷಯವನ್ನು ಬರೆಯುವುದು ಕೃತಘ್ನತೆಯೇ ಸರಿ.

ನನ್ನ ತಾಯಿಯವರಿಗೂ ಅಂದಿನ ಪದ್ಧತಿಯಲ್ಲೇ ಚಿಕಿತ್ಸೆಯಾಯಿತು. ತಲೆ ಅಲುಗದಂತೆ ಇಕ್ಕೆಲಗಳಲ್ಲಿ ಮರಳಿನ ಚೀಲವಿರಿಸಿ, ಕಣ್ಣಿಗೆ ಪಟ್ಟಿ ಕಟ್ಟಿ ಅಂಗಾತ ಮಲಗಿಸಿದ್ದರು. ತೆಗೆದ ಮಸೂರದ ಸ್ಥಾನದಲ್ಲಿ ಬೇರೊಂದನ್ನು ಇರಿಸುವ ಕ್ರಮವಿನ್ನೂ ಇಲ್ಲಿಗೆ ಬಾರದುದರಿಂದ, ಆಕೆಗೆ ಕಡೆಯವರೆಗೂ ದಪ್ಪನೆಯ ಸೋಡಾಬುಡ್ಡಿ ಕನ್ನಡಕವೇ ಗತಿಯಾಯಿತು. ಅದನ್ನು ಕಳಚಿದೊಡನೆ ಮಕ್ಕಳಾದ ನಮ್ಮ ಮುಖಗಳು ಕರಗಿಹೋಗುತ್ತಿದ್ದುವಾದುದರಿಂದ, ನಾವು ಮಾತನಾಡಿದ ಮೇಲೆಯೇ ಆಕೆ ಇಂಥವರೆಂದು ಗುರುತಿಸುತ್ತಿದ್ದರು. ನನ್ನ ಬಲಗಣ್ಣಿನಲ್ಲಿರುವ ಈ ಮಸೂರವು ಆಕೆಯ ಕಾಲಕ್ಕೇ ನಮ್ಮೂರಿಗೆ ಬಂದಿದ್ದರೆ ಎಂಬ ಹಂಬಲವು ಪ್ರತಿ ಹನಿಯ ವೇಳೆಗೂ ನನ್ನನ್ನು ಕಾಡುತ್ತಿದೆ.