ಕೇಳಿದಷ್ಟೂ ತುಂಬುವ ನಿಘಂಟು

ಇಲವಾಲ, ಬಿಳಿಕೆರೆ ದಾಟುವಾಗ ಆಷಾಢದ ಜಿಟಿಮಳೆ. ಕಿಟಕಿಯಾಚೆ ಹೊಗೆಸೊಪ್ಪಿನ ಹೊಲ, ಅದರ ನಡುವೆ ಎಲೆ ಒಣಗಿಸುವ ಎತ್ತರದ ಬ್ಯಾರನ್‌ಗಳು. ನನ್ನ ತೊಡೆಯ ಮೇಲಿನ ಲ್ಯಾಪ್‌ಟಾಪ್‌ನಲ್ಲಿ ಒಂದು ಪೈಥಾನ್ ಪ್ರೋಗ್ರಾಂ: ಊರಿನ ಹೆಸರು ಕೊಟ್ಟರೆ ಸಮುದ್ರಮಟ್ಟದಿಂದ ಅದರ ಎತ್ತರ ಹೇಳಬೇಕು. ಉತ್ತರ ಎಲ್ಲೋ ದೂರದ ಸರ್ವರಿನಿಂದ ಬರಬೇಕಾದ್ದರಿಂದ ಒಂದೊಂದು ಊರಿಗೂ ಕಾಯುವುದೇ ಕೆಲಸ. ಕೇಳಿದ್ದನ್ನೇ ಮತ್ತೆ ಕೇಳಿದರೂ ಅಷ್ಟೇ ಕಾಯುವಿಕೆ.

ಹುಣಸೂರು ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಅದನ್ನು ತಿದ್ದಿದೆ. ಪೈಥಾನಿನ ಡಿಕ್ಷನರಿಯೂ ನಿಘಂಟೇ. ಇಲ್ಲದ ಪದ ಕೇಳಿದರೆ 'ಕೀ ಎರರ್' ಎಂದು ನಿಂತುಬಿಡುತ್ತದೆ. ಆದರೆ 2006ರ ಪೈಥಾನ್ 2.5ರಿಂದ ಅದಕ್ಕೊಂದು ಹಿಂಬಾಗಿಲಿದೆ. ಡಿಕ್ಷನರಿಯಿಂದ ನಮ್ಮದೇ ಕ್ಲಾಸ್ ಮಾಡಿಕೊಂಡು, 'ಮಿಸ್ಸಿಂಗ್' ಎಂಬ ಮೆಥಡ್ ಬರೆದರೆ (ಹೆಸರಿನ ಹಿಂದೆ ಮುಂದೆ ಎರಡೆರಡು ಅಡಿಗೀಟು), ಚೌಕಾವರಣದಲ್ಲಿ ಕೇಳಿದ ಪದ ಸಿಗದಾಗ ಪೈಥಾನ್ ತಾನಾಗಿ ಅದನ್ನು ಕರೆಯುತ್ತದೆ. ಒಳಗೆ ಮೂರೇ ಸಾಲು: ಉತ್ತರ ತರಿಸು, ಆ ಹೆಸರಿನ ಎದುರಿಗೆ ಬರೆದಿಡು, ಹಿಂದಿರುಗಿಸು. ನಡುವಿನ ಸಾಲೇ ಪ್ರಾಣ. ಅದನ್ನು ಬಿಟ್ಟರೆ ಪ್ರತಿ ಸಲವೂ ಮೊದಲಿನಿಂದ ದುಡಿತ. 'ಗೆಟ್' ಎಂದು ಕೇಳಿದರಂತೂ ಈ ಬಾಗಿಲು ತೆರೆಯುವುದೇ ಇಲ್ಲ. ತಿದ್ದಿದ ಮೇಲೆ ದಾರಿಯ ಊರುಗಳನ್ನೆಲ್ಲ ಅಲ್ಲೇ ಒಮ್ಮೆ ಕೇಳಿಸಿದೆ.

ಎಚ್.ಡಿ. ಕೋಟೆಯ ಹ್ಯಾಂಡ್‌ಪೋಸ್ಟ್ ದಾಟಿ ಅಂತರಸಂತೆ ಹತ್ತಿರವಾದಂತೆ ಸಿಗ್ನಲ್ ಪೂರ್ತಿ ಹೋಯಿತು. ಸುಮ್ಮನೆ 'ಹುಣಸೂರು' ಎಂದು ಒತ್ತಿದೆ. ಬೆರಳೆತ್ತುವ ಮೊದಲೇ ಉತ್ತರ! ಬಿಳಿಕೆರೆ ಕೇಳಿದೆ, ಅದೂ ಬಂತು. ಸರ್ವರಿನ ಹಂಗಿಲ್ಲದೆ, ಕಾಡಂಚಿನಲ್ಲಿ, ಬೆಳಗಿನ ದಾರಿಯೆಲ್ಲ ಅದರೊಳಗೆ ಇತ್ತು. ನನಗೆ ಮೈ ಜುಂ ಎಂದಿತು. ಮಾಡಿದ ಲೆಕ್ಕವನ್ನು ನೆನಪಿಟ್ಟುಕೊಳ್ಳುವ ಇಂಥ ಫಂಕ್ಷನ್‌ಗಳ ಬಗ್ಗೆ ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಮಿಚಿ 1968ರಲ್ಲೇ ಬರೆದಿದ್ದ. ಓದಿ ತಿಳಿದಿದ್ದೆ, ಹೀಗೆ ಕಂಡಿದ್ದು ಅವತ್ತೇ.

ಊರವರ ಬಾಯಲ್ಲಿರುವಂತೆ 'ಹುಣ್ಸೂರು' ಎಂದು ಒತ್ತಿದಾಗ ಮಾತ್ರ ಅದು ಗುರುತಿಸಲಿಲ್ಲ, ಸಿಗ್ನಲ್ ಹುಡುಕತೊಡಗಿತು. ಒಂದು ಅಕ್ಷರ ಬದಲಾದರೂ ಅದಕ್ಕೆ ಬೇರೆಯೇ ಊರು.

ಅದೇ ನಿಘಂಟಿಗೆ ಕಬಿನಿ ಜಲಾಶಯದ ನೀರಿನ ಮಟ್ಟವನ್ನೂ ಹುಣಸೂರಿನಲ್ಲೇ ಕೇಳಿಸಿದ್ದೆ. ರಾತ್ರಿ ಪ್ರೋಗ್ರಾಂ ನಿಲ್ಲಿಸದೆ ಮುಚ್ಚಳವಷ್ಟೇ ಮುಚ್ಚಿದೆ; ನಿಲ್ಲಿಸಿದ್ದರೆ ಕೂಡಿಸಿದ್ದೆಲ್ಲ ಅಳಿಸಿಹೋಗುತ್ತಿತ್ತು. ಮರುದಿನ ಬೀಚನಹಳ್ಳಿಯ ಕಬಿನಿ ಅಣೆಕಟ್ಟೆಯ ಬಳಿ ಮತ್ತೆ ಕೇಳಿದರೆ ನಿನ್ನೆಯದೇ ಅಂಕಿ. ಎದುರಿಗೆ ವಯನಾಡಿನ ಮಳೆಯನ್ನೆಲ್ಲ ಹೊತ್ತು ತಂದ ಕೆಂಪು ನೀರು, 2284 ಅಡಿಯ ಗರಿಷ್ಠ ಮಟ್ಟದ ಕಡೆಗೆ ಏರುತ್ತಿದೆ. ಬೆಟ್ಟದ ಎತ್ತರವನ್ನು ಬರೆದಿಡಬಹುದು, ಹೊಳೆಯದನ್ನಲ್ಲ. 'ಡೆಲ್' ಎಂದು ಆ ಒಂದು ನಮೂದನ್ನು ಅಳಿಸಿ ಮತ್ತೆ ಕೇಳಿದೆ. ಸಿಗ್ನಲ್‌ನ ಒಂದೇ ಗೆರೆ. ಮಳೆಯಲ್ಲಿ ನೆನೆಯುತ್ತ ಕಾಯುತ್ತಿದ್ದೆ. ಬಂದ ಅಂಕಿ ನಿನ್ನೆಯದಕ್ಕಿಂತ ದೊಡ್ಡದಿತ್ತು.