ನೀರು ಕುಡಿದೇ ಹೊರಡಿ

ನಮ್ಮ ವಿಜಯಪುರದ ಕಡೆ ಊರಿಗೆ ಹೊರಡುವ ತಯಾರಿ ಹಿಂದಿನ ದಿನವೇ ಅಡುಗೆಮನೆಯಲ್ಲಿ ಶುರುವಾಗುತ್ತದೆ. ಖಡಕ್ ರೊಟ್ಟಿ ಬಡಿದು ಹಳೆಯ ಧೋತರದ ತುಂಡಿನಲ್ಲಿ ಸುತ್ತಿಡಬೇಕು, ಶೇಂಗಾ ಹಿಂಡಿ ಕುಟ್ಟಬೇಕು, ಮೊಸರಿಗೆ ಗಟ್ಟಿ ಮುಚ್ಚಳದ ಡಬ್ಬಿ ಹುಡುಕಬೇಕು. ಇದೆಲ್ಲ ಮುಗಿದ ಮೇಲೆ, ಹೊರಡುವ ದಿನ ನಸುಕಿನಲ್ಲಿ, ಹೆಣ್ಣುಮಕ್ಕಳು ಮಾಡಿಕೊಳ್ಳುವ ಇನ್ನೊಂದು ತಯಾರಿ ಇದೆ. ಅದನ್ನು ಯಾರೂ ಹೇಳಿಕೊಡುವುದಿಲ್ಲ, ನೋಡಿ ನೋಡಿಯೇ ಕಲಿಯುತ್ತೇವೆ. ಅವತ್ತು ನೀರು ಕುಡಿಯುವುದನ್ನು ಬಿಟ್ಟುಬಿಡುತ್ತೇವೆ. ಎಪ್ಪತ್ತು ದಾಟಿದ ನಮ್ಮವ್ವ ಬಿಪಿ ಗುಳಿಗೆ ನುಂಗಲು ಎಷ್ಟು ಬೇಕೋ ಅಷ್ಟೇ ಗುಟುಕು ಕುಡಿದು ಲೋಟ ಕೆಳಗಿಡುತ್ತಾಳೆ. "ಇನ್ನೊಂದೀಟು ಕುಡಿ ಯವ್ವಾ" ಎಂದರೆ, "ಹಾದ್ಯಾಗ ಎಲ್ಲಿ ಹೋಗ್ಲಿ ತಂಗಿ? ಸಾಕು" ಅನ್ನುತ್ತಾಳೆ.

ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಅಂಥ ಬಿಸಿಲಿನಲ್ಲಿ ಬಾಯಿ ಒಣಗಿಸಿಕೊಂಡು ಬಸ್ಸಿನಲ್ಲಿ ಕೂತು ಹೋಗಿ ಬಂದವರಿಗೆ ಉರಿಮೂತ್ರ, ಸೋಂಕು, ತಲೆಸುತ್ತು, ಮೂತ್ರಪಿಂಡದ ಹರಳು ಎಲ್ಲ ಬೆನ್ನು ಹತ್ತುತ್ತವೆ. ಮದುವೆಗೆ, ಜಾತ್ರೆಗೆ, ಬೀಗರ ಮನೆಗೆ ಹೋಗಿ ಬಂದ ಮರುದಿನ ಮಲಗಿಬಿಡುವ ಹೆಂಗಸರನ್ನು ನಾನು ಸಣ್ಣವಳಿದ್ದಾಗಿನಿಂದ ನೋಡಿದ್ದೇನೆ. "ಗಾಡಿ ಬಡದೈತಿ" ಎಂದು ಮನೆಯವರು ಸುಮ್ಮನಾಗುತ್ತಾರೆ. ಹೆಚ್ಚಿನವರಿಗೆ ಬಡಿದದ್ದು ಗಾಡಿಯಲ್ಲ, ನೀರಡಿಕೆ.

ಈ ಮಾತನ್ನು ಮತ್ತೆ ಮತ್ತೆ ಯೋಚಿಸುವಂತೆ ಮಾಡಿದವನು ಅಮೆರಿಕದಲ್ಲಿರುವ ನನ್ನ ತಮ್ಮ. ರಜೆಯಲ್ಲಿ ಅವನ ಸಂಸಾರ ಆರ್‌ವಿ ಬಾಡಿಗೆಗೆ ಹಿಡಿದು ಊರೂರು ತಿರುಗುತ್ತದೆ. ಹಾಸಿಗೆ, ಒಲೆ, ಬಚ್ಚಲು, ಪಾಯಖಾನೆ ಎಲ್ಲ ಒಳಗೇ ಇರುವ ಗಾಡಿ ಅದು. ಅದರ ಹೊಟ್ಟೆಯಲ್ಲಿ ಮೂರು ಟಾಕಿ: ಒಂದು ಒಳ್ಳೆಯ ನೀರಿಗೆ, ಒಂದು ಮುಖ ತೊಳೆದ, ಪಾತ್ರೆ ತಿಕ್ಕಿದ ನೀರಿಗೆ, ಇನ್ನೊಂದು ಪಾಯಖಾನೆಗೆ. ಕೊನೆಯ ಎರಡನ್ನು ಕಂಡಕಂಡಲ್ಲಿ ಬಿಡುವಂತಿಲ್ಲ. ಡಂಪ್ ಸ್ಟೇಷನ್ ಎಂಬ ಜಾಗಕ್ಕೆ ಹೋಗಿ, ಕೈಗವಸು ಹಾಕಿಕೊಂಡು, ದಪ್ಪ ಪೈಪನ್ನು ನೆಲದ ಬಾಯಿಗೆ ಜೋಡಿಸಿ, ಮೊದಲು ಪಾಯಖಾನೆಯ ಟಾಕಿ ಬಿಟ್ಟು, ಆಮೇಲೆ ಬಚ್ಚಲ ನೀರು ಬಿಡಬೇಕು. ಹಿಂದೆ ಬರುವ ಸೋಪಿನ ನೀರು ಪೈಪನ್ನು ತೊಳೆದುಕೊಂಡು ಹೋಗುತ್ತದೆ. ನನಗೆ ಹಿಡಿಸಿದ್ದು ಅವರ ತಯಾರಿಯ ಕ್ರಮ. ನಕಾಶೆ ಹಾಕುವಾಗ ಅವರು ಊಟದ ಜಾಗವನ್ನಾಗಲಿ ನೋಡುವ ಜಾಗವನ್ನಾಗಲಿ ಮೊದಲು ಗುರುತು ಮಾಡುವುದಿಲ್ಲ. ಟಾಕಿ ಎಲ್ಲಿ ಖಾಲಿ ಮಾಡಬೇಕು ಎಂಬುದನ್ನು ನೋಡಿಕೊಂಡು, ಅದರ ಸುತ್ತ ಉಳಿದ ದಾರಿಯನ್ನು ಹೆಣೆಯುತ್ತಾರೆ.

ಡಿಸೆಂಬರಿನಲ್ಲಿ ಅವರು ಬರುವುದೆಂದು ಗೊತ್ತಾದಾಗ ನಾನೂ ಅದೇ ಕ್ರಮ ಹಿಡಿದೆ. ವಿಜಯಪುರ ನೋಡಿಕೊಂಡು, ತೊರವಿ ಮೇಲೆ ಟಿಕೋಟಾ, ಅಲ್ಲಿಂದ ಬಬಲೇಶ್ವರ, ಸಾಧ್ಯವಾದರೆ ಮಮದಾಪುರದ ಕೆರೆ. ಅವ್ವ, ಸಣ್ಣತ್ತಿ, ಮಕ್ಕಳು ಎಲ್ಲ ಸೇರಿ ಒಂದು ಟೆಂಪೊ ಟ್ರಾವೆಲರ್ ತುಂಬ ಜನ. ಅವರು ಬರುವುದಕ್ಕೆ ಮೊದಲೇ ನಾನು ಆ ದಾರಿಯನ್ನು ಒಮ್ಮೆ ಸುತ್ತಿ, ಪಾಯಖಾನೆಗಳನ್ನು ನೋಡಿ ಬಂದೆ.

ಇದೆ ಎಂದರೆ ಸಾಲದು, ಒಳಗೆ ಹೋಗಿ ನೋಡಬೇಕು. ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯೆ, ಅದು ಬೀಳುತ್ತದೆಯೆ? ನಳದಲ್ಲಿ ನೀರು ಬರುತ್ತದೆಯೆ, ಬರದಿದ್ದರೆ ಬಕೆಟ್ಟಿನಲ್ಲಿ ತುಂಬಿಟ್ಟಿದ್ದಾರೆಯೆ? ಮೊಣಕಾಲು ಮಡಚಲಾರದ ಅವ್ವನಿಗೆ ಕಮೋಡ್ ಇದೆಯೆ, ಇಲ್ಲದಿದ್ದರೆ ಎದ್ದೇಳುವಾಗ ಹಿಡಿದುಕೊಳ್ಳಲು ಗೋಡೆಯಲ್ಲಿ ಏನಾದರೂ ಇದೆಯೆ? ಮುಟ್ಟಿನ ಬಟ್ಟೆ, ಪ್ಯಾಡು ಹಾಕಲು ಮುಚ್ಚಳದ ಡಬ್ಬಿ? ಸಂಜೆ ಹೊತ್ತು ಬಲ್ಬು? ಒಂದು ಪೆಟ್ರೋಲ್ ಬಂಕಿನಲ್ಲಿ ಗಂಡಸರ ಬಾಗಿಲು ತೆರೆದೇ ಇತ್ತು, ಹೆಂಗಸರದಕ್ಕೆ ಬೀಗ. ಕೀಲಿ ಕ್ಯಾಶ್ ಕೌಂಟರಿನ ಹಿಂದಿನ ಮೊಳೆಗೆ ನೇತುಹಾಕಿತ್ತು. ಕೇಳಿದ ಕೂಡಲೇ ಹುಡುಗ ಕೊಟ್ಟ, ಒಳಗೂ ಸ್ವಚ್ಛವಾಗಿತ್ತು. ಆದರೆ ನಾಲ್ಕು ಗಂಡಸರು ನಿಂತಲ್ಲಿ ಹೋಗಿ ಆ ಕೀಲಿ ಕೇಳಲು ನಮ್ಮ ಹಳ್ಳಿಯ ಎಷ್ಟು ಹೆಣ್ಣುಮಕ್ಕಳಿಗೆ ಬಾಯಿ ಬಂದೀತು? ಬಂಕ್ ನಡೆಸುವವರು ಪಾಯಖಾನೆ, ಕುಡಿಯುವ ನೀರು, ಟೈರಿಗೆ ಗಾಳಿ ಉಚಿತವಾಗಿ ಒದಗಿಸಬೇಕು ಎಂದು ತೈಲ ಕಂಪನಿಗಳ ನಿಯಮವೇ ಹೇಳುತ್ತದೆ. ಗಾಳಿ ಹಾಕಿಸಿಕೊಳ್ಳಲು ಯಾರೂ ಸಂಕೋಚಪಡುವುದಿಲ್ಲ. ಕೀಲಿ ಕೇಳುವುದಕ್ಕೂ ಅಷ್ಟೇ ಹಕ್ಕಿದೆ ಎಂದು ಮನೆಯ ಹುಡುಗಿಯರಿಗೆ ಹೇಳಿಕೊಡಬೇಕು.

ಹೀಗೆ ಸುತ್ತುವಾಗ ವಿಜಯಪುರದ ತಾಜ್ ಬಾವಡಿಯ ಮುಂದೆ ಬಹಳ ಹೊತ್ತು ನಿಂತೆ. 1620ರ ಹೊತ್ತಿಗೆ, ಎರಡನೆಯ ಇಬ್ರಾಹಿಂ ಆದಿಲಶಾಹನ ಕಾಲದಲ್ಲಿ, ರಾಣಿ ತಾಜ್ ಸುಲ್ತಾನಾಳ ಹೆಸರಿನಲ್ಲಿ ಕಟ್ಟಿದ್ದು. ಬಾವಡಿ ಎಂದರೆ ಎಲ್ಲರೂ ನೀರನ್ನು ನೋಡುತ್ತಾರೆ. ಆ ದೊಡ್ಡ ಕಮಾನಿನ ಎಡಬಲಕ್ಕೆ ಚಾಚಿಕೊಂಡ ಕೋಣೆಗಳನ್ನು ನೋಡಬೇಕು. ಅವು ದಾರಿಹೋಕರು ಇಳಿದುಕೊಳ್ಳಲು ಮಾಡಿದವು. ತೊರವಿಯ ಕಡೆಯಿಂದ ನೆಲದೊಳಗಿನ ಸುರಂಗದಲ್ಲಿ ನೀರು ತಂದ ಊರು ಇದು. 1651ರಲ್ಲಿ ಮುಹಮ್ಮದ್ ಆದಿಲಶಾಹ ಬೇಗಂ ತಲಾಬ್ ಎಂಬ ಕೆರೆ ಕಟ್ಟಿಸಿದ. ಮಣ್ಣಿನ ಕೊಳವೆಗಳಲ್ಲಿ ಊರೊಳಗೆ ಹರಿಯುವ ನೀರಿನ ಒತ್ತಡ ತಗ್ಗಲಿ, ಕೆಸರು ತಳಕ್ಕೆ ಕೂರಲಿ ಎಂದು ನಡುನಡುವೆ ಗಂಜ್ ಎಂಬ ಗೋಪುರಗಳನ್ನು ಎಬ್ಬಿಸಿದರು. ಅವುಗಳಲ್ಲಿ ಕೆಲವು ಇಂದಿಗೂ ನಿಂತಿವೆ. ತೊರವಿಯ ಸುರಂಗ ಬಾವಡಿಯೂ ಸೇರಿದಂತೆ ದಖ್ಖನಿನ ಈ ಹಳೆಯ ನೀರಿನ ವ್ಯವಸ್ಥೆ 2020ರ ವರ್ಲ್ಡ್ ಮಾನ್ಯುಮೆಂಟ್ಸ್ ವಾಚ್ ಪಟ್ಟಿಯಲ್ಲಿ ಸ್ಥಾನ ಪಡೆಯಿತು. ಮಳೆ ಕಡಿಮೆ ಬೀಳುವ ನೆಲದಲ್ಲಿ, ದೂರದಿಂದ ದಣಿದು ಬಂದವನಿಗೆ ಏನು ಬೇಕು ಎಂದು ಅಷ್ಟು ವಿವರವಾಗಿ ಯೋಚಿಸಿದವರ ಊರಿನವಳು ನಾನು ಎಂಬುದು ನನಗೆ ಹೆಮ್ಮೆ. ಅದೇ ಊರಿನಿಂದ ಹೊರಡುವಾಗ ಅವ್ವ ಲೋಟ ಕೆಳಗಿಡುತ್ತಾಳೆ ಎಂಬುದು ಅದಕ್ಕೇ ಇನ್ನಷ್ಟು ನೋವು.

ಟಿಕೋಟಾ ಇರುವುದು ವಿಜಯಪುರದಿಂದ ಪಶ್ಚಿಮಕ್ಕೆ, ಅಥಣಿ ರಸ್ತೆಯಲ್ಲಿ, ಇಪ್ಪತ್ತು ಕಿಲೋಮೀಟರಿನ ಆಚೀಚೆ. ತೊರವಿಯ ನರಸಿಂಹನ ಗುಡಿಗೆ ಕೈಮುಗಿದು ಮುಂದೆ ಹೋದರೆ ದ್ರಾಕ್ಷಿಯ ನಾಡು. ಚಳಿಗಾಲ ಮುಗಿದು ಬಿಸಿಲು ಏರುವಾಗ ಹೋದವರಿಗೆ ಒಣದ್ರಾಕ್ಷಿ ಶೆಡ್ಡುಗಳು ಕಾಣುತ್ತವೆ: ಮೇಲೆ ತಗಡು, ಒಳಗೆ ಒಂದರ ಮೇಲೊಂದು ಬಲೆ, ಬಲೆಯ ತುಂಬ ಹಸಿರಿನಿಂದ ಹೊನ್ನಿನ ಬಣ್ಣಕ್ಕೆ ತಿರುಗುತ್ತಿರುವ ಕಾಳು. ಬೆಳಗಿನಿಂದ ಗೊನೆ ಕತ್ತರಿಸುವವರು, ಕಡ್ಡಿ ಬಿಡಿಸಿ ಆರಿಸುವವರು ಬಹುತೇಕ ಹೆಂಗಸರು. ಹೊಲದ ಬದುವಿನಲ್ಲಿ ಮರೆ ಹುಡುಕುವುದು ಅವರಿಗೆ ದಿನದ ಮಾತು. ಅದೇ ಶೆಡ್ಡಿನ ಪಕ್ಕ ನಾಲ್ಕು ಗೋಡೆ ಎಬ್ಬಿಸಿ ಒಂದು ಪಾಯಖಾನೆ ಮಾಡಿಸಲು ಏನೂ ಅಡ್ಡಿಯಿಲ್ಲ. ಮನುಕ ಕೊಳ್ಳಲು ಗಾಡಿ ನಿಲ್ಲಿಸುವ ನಮ್ಮಂಥವರಿಗೂ ಅದು ಒದಗುತ್ತದೆ.

ಆ ದಾರಿಯಲ್ಲಿ ಒಂದು ತೋಟದ ಮನೆಯ ಮುಂದೆ ನಿಂತು ವಿಚಾರಿಸಿದೆ. ಹೊರಗೆ ಜೋಳ ಹಸನು ಮಾಡುತ್ತಿದ್ದ ಅಕ್ಕ ಮೊರ ಬದಿಗಿಟ್ಟು, "ಅದೇನ್ ಕೇಳೂದ್ರಿ, ಬರ್ರಿ ಒಳಗ. ನಿಮ್ಮ ಅವ್ವಾರ್ನೂ ಕರ್ಕೊಂಡ ಬರ್ರಿ, ಊಟಾನೂ ಮಾಡಿ ಹೋಗ್ರಿ" ಎಂದಳು. ಅವರ ಪಾಯಖಾನೆ ಸ್ವಚ್ಛ ಭಾರತದ ಹಣಕ್ಕೆ ತಮ್ಮದೂ ಸೇರಿಸಿ ಕಟ್ಟಿಸಿದ್ದು, ಎರಡು ಗುಂಡಿಯದು. ಒಂದು ಗುಂಡಿ ತುಂಬಿದರೆ ಅದನ್ನು ಮುಚ್ಚಿ ಎರಡನೆಯದಕ್ಕೆ ತಿರುಗಿಸುತ್ತಾರೆ. ಒಂದೆರಡು ವರ್ಷ ಮುಚ್ಚಿಟ್ಟರೆ ಮೊದಲಿನದು ವಾಸನೆಯಿಲ್ಲದ ಗೊಬ್ಬರ. ಆದರೆ ನಮ್ಮ ಎರಿ ಮಣ್ಣು ನೀರನ್ನು ಬೇಗ ಇಂಗಿಸಿಕೊಳ್ಳುವುದಿಲ್ಲ. ಗುಂಡಿಯ ಸುತ್ತ ಮರಳಿನ ಪದರ ಕೊಡದಿದ್ದರೆ ಮಳೆಗಾಲದಲ್ಲಿ ತುಂಬಿ ಮೇಲೆ ಬರುತ್ತದೆ. ಕಟ್ಟಿಯೂ ಬಳಸದೆ ಸೌದೆ ತುಂಬಿಟ್ಟ ಪಾಯಖಾನೆಗಳ ಹಿಂದೆ ಎಷ್ಟೋ ಕಡೆ ಇರುವುದು ಈ ಮಣ್ಣಿನ ಗುಣ. ಜನರಿಗೆ ಬುದ್ಧಿ ಹೇಳುವ ಮೊದಲು ಗೌಂಡಿಗೆ ಮರಳಿನ ಮಾತು ಹೇಳಬೇಕು.

ಇನ್ನು ಪೇಟೆಯ ಮನೆಗಳ ಸೆಪ್ಟಿಕ್ ಟ್ಯಾಂಕು. ಒಳಚರಂಡಿ ಇಲ್ಲದ ಕಡೆ ತುಂಬಿದ ಟ್ಯಾಂಕಿನಲ್ಲಿರುವುದನ್ನು ಸಕ್ಕಿಂಗ್ ಗಾಡಿ ಹೀರಿಕೊಂಡು ಹೋಗುತ್ತದೆ. ಎಲ್ಲಿಗೆ? ಹಣ ಕೊಟ್ಟವರು ಕೇಳುವುದಿಲ್ಲ, ಗಾಡಿಯವನು ಹೇಳುವುದಿಲ್ಲ. ತಮ್ಮನ ಆರ್‌ವಿಯಂಥ ಕ್ಯಾರವಾನ್ ತಂದವರ ಕಷ್ಟವೂ ಇದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ಯೋಜನೆ ತಂದಿತು, ಕರ್ನಾಟಕದಲ್ಲೂ ಅಂಥ ಗಾಡಿಗಳು ಬಾಡಿಗೆಗೆ ಸಿಗುತ್ತವೆ. ಟಿಕೋಟಾ, ಬಬಲೇಶ್ವರದ ಕಡೆ ಅಂಥ ಗಾಡಿ ತರುವವರಿಗೆ ನನ್ನ ಮಾತು ಇಷ್ಟೆ: ಟಾಕಿಯನ್ನು ವಿಜಯಪುರದಲ್ಲೇ, ತಂಗುವ ಹೋಟೆಲಿನವರನ್ನು ಕೇಳಿ, ಒಳಚರಂಡಿಗೆ ಸೇರುವ ಪಾಯಖಾನೆಯಲ್ಲೇ ಖಾಲಿ ಮಾಡಿ ಹೊರಡಿ. ಹಳ್ಳಿಯ ಮನೆಯ ಗುಂಡಿಗೆ ಸುರಿಯಬೇಡಿ. ಟಾಕಿಗೆ ಹಾಕುವ ಫಾರ್ಮಾಲ್ಡಿಹೈಡ್ ಬೆರೆತ ದ್ರವ, ಗುಂಡಿಯಲ್ಲಿ ಮಲವನ್ನು ಮಣ್ಣಾಗಿಸುವ ಜೀವಾಣುಗಳನ್ನೇ ಕೊಲ್ಲುತ್ತದೆ. ಹಳ್ಳಕ್ಕೆ ಬಿಡುವ ಮಾತಂತೂ ಬೇಡವೇ ಬೇಡ.

ಇದಕ್ಕೆ ದಾರಿ ಇಲ್ಲದಿಲ್ಲ. 2015ರಲ್ಲೇ ದೇವನಹಳ್ಳಿಯಲ್ಲಿ ಸೆಪ್ಟಿಕ್ ಟ್ಯಾಂಕಿನ ಮಲವನ್ನು ಸಂಸ್ಕರಿಸಿ ಗೊಬ್ಬರ ಮಾಡುವ ಘಟಕ ಶುರುವಾಯಿತು, ಊರಿನ ಅಳತೆಯ ಅಂಥ ಘಟಕಗಳಲ್ಲಿ ದೇಶಕ್ಕೇ ಮೊದಲಿನದು. ಟಿಕೋಟಾ, ಬಬಲೇಶ್ವರ ಎರಡೂ ಈಚೆಗೆ ತಾಲ್ಲೂಕು ಕೇಂದ್ರಗಳಾದ ಊರುಗಳು. ಕಚೇರಿ, ಕೋರ್ಟು, ಬಸ್ ನಿಲ್ದಾಣಗಳ ಜಾಗ ಗೊತ್ತುಮಾಡುವಾಗಲೇ ಇಂಥ ಘಟಕಕ್ಕೂ ಒಂದಿಷ್ಟು ನೆಲ ತೆಗೆದಿಡಬೇಕು. ಸಕ್ಕಿಂಗ್ ಗಾಡಿ ಬಂದು ಖಾಲಿ ಮಾಡುವ ಜಾಗದಲ್ಲೇ ಕ್ಯಾರವಾನಿನವರೂ ಖಾಲಿ ಮಾಡಬಹುದು. ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ, 1970ರ ದಶಕದಲ್ಲಿ, ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದ ರಾಜ್ಯ ನಮ್ಮದು. 2013ರ ಕಾಯ್ದೆ, ರಕ್ಷಣೆಯಿಲ್ಲದೆ ಮನುಷ್ಯರನ್ನು ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದನ್ನೂ ನಿಷೇಧಿಸಿದೆ. ಯಂತ್ರ ಬಂದಿದೆ ಎಂದು ನಾವು ನಿಶ್ಚಿಂತರಾದೆವು, ಯಂತ್ರ ಎಲ್ಲಿಗೆ ಹೋಗುತ್ತದೆ ಎಂದು ನೋಡಲಿಲ್ಲ.

ನಮ್ಮ ಜಿಲ್ಲೆಯಲ್ಲಿ ನಿಜವಾಗಿ ಗಾಲಿಯ ಮೇಲೆ ಸಂಸಾರ ಹೂಡುವವರು ಕಬ್ಬು ಕಡಿಯುವ ಗ್ಯಾಂಗಿನವರು. ತಾಂಡಾಗಳಿಂದ ಹೊರಟ ಟ್ರ್ಯಾಕ್ಟರ್ ಟ್ರೇಲರುಗಳಲ್ಲಿ ಪಾತ್ರೆಪಗಡ, ಮೇಕೆ, ಕೂಸು, ಬಸುರಿ ಹೆಂಗಸರು ಎಲ್ಲ. ರಾತ್ರಿಯಿಡೀ ಪ್ರಯಾಣ. ಅವರ ತಯಾರಿಯ ಬಗ್ಗೆ ಯಾವ ಪ್ರವಾಸಿ ಪುಸ್ತಕವೂ ಬರೆಯುವುದಿಲ್ಲ. ದಾರಿಬದಿಗೆ ಒಂದು ಒಳ್ಳೆಯ ಪಾಯಖಾನೆ ಕಟ್ಟಿದರೆ ಅದು ಮೊದಲು ಅವರ ಪಾಲಿಗೆ ಬರಲಿ.

ತಮ್ಮನ ಸಂಸಾರ ಬಂದ ಮೇಲೆ ಎಲ್ಲರೂ ಕೂಡಿ ಬಬಲೇಶ್ವರಕ್ಕೆ ಹೋಗುವಾಗ ನಮ್ಮ ಗಾಡಿಯ ಹಿಂಬದಿಯಲ್ಲಿ ಇಪ್ಪತ್ತು ಲೀಟರಿನ ನೀರಿನ ಕ್ಯಾನು, ಸೋಪು, ಮಗ್ಗು, ಮಡಚುವ ಕಮೋಡ್ ಕುರ್ಚಿ, ಅದರ ಕೆಳಗೆ ಇಡಲು ಮುಚ್ಚಳದ ಬಕೆಟ್ಟು, ಮೇಲೆ ಹಾಕಲು ಒಂದು ಚೀಲ ಕಟ್ಟಿಗೆ ಹೊಟ್ಟು, ಮರೆಗೆ ಎರಡು ಹಳೆಯ ಇಳಕಲ್ ಸೀರೆ, ಹಗ್ಗ ಇದ್ದವು. ಹೊಟ್ಟು ವಾಸನೆಯನ್ನೂ ನೊಣವನ್ನೂ ತಡೆಯುತ್ತದೆ. ಮನೆಗೆ ಬಂದು ಪಾಯಖಾನೆ ಗುಂಡಿಗೆ ಸುರಿದರೆ ಆಯಿತು. ಸಾಮಾನು ನೋಡಿದ ಸಣ್ಣತ್ತಿ ಮುಖಕ್ಕೆ ಸೆರಗು ಒತ್ತಿಕೊಂಡಳು. ಆಮೇಲೆ ತಾನೇ ಇಳಿದು ಸೀರೆಯ ತುದಿಗಳನ್ನು ಬೇವಿನ ಮರಕ್ಕೆ ಬಿಗಿಯಾಗಿ ಕಟ್ಟಿ, ಗಾಳಿಗೆ ಹಾರದ ಹಾಗೆ ಕೆಳಗೆ ಕಲ್ಲು ಇಟ್ಟಳು.

ಮಮದಾಪುರದ ಕೆರೆ ಆದಿಲಶಾಹಿ ಕಾಲದ್ದು. ಬಹಳ ವರ್ಷ ಒಣಗಿ ಬಿರಿಯುತ್ತಿದ್ದ ಈ ಭಾಗದ ಕೆರೆಗಳಿಗೆ ಈಗ ಏತ ನೀರಾವರಿಯಿಂದ ಕೃಷ್ಣೆಯ ನೀರು ಬರುತ್ತಿದೆ. ತುಬಚಿ–ಬಬಲೇಶ್ವರ ಯೋಜನೆಯ ಹೆಸರು ಇಲ್ಲಿ ಮಕ್ಕಳ ಬಾಯಲ್ಲೂ ಇದೆ. ಇಷ್ಟು ಕಷ್ಟಪಟ್ಟು ಎತ್ತಿ ತಂದ ನೀರಿನ ದಂಡೆಯಲ್ಲಿ ನೋಡಲು ಬಂದವರು ಹೊಲಸು ಮಾಡಿ ಹೋಗುವುದನ್ನು ಕಂಡರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಕೆರೆ ತುಂಬಿಸಿದ ಮೇಲೆ ಜನ ಬಂದೇ ಬರುತ್ತಾರೆ. ಅವರಿಗೆ ದಂಡೆಯಿಂದ ದೂರದಲ್ಲಿ ಪಾಯಖಾನೆ, ಅದನ್ನು ನೋಡಿಕೊಳ್ಳಲು ಸಂಬಳದ ಮೇಲೆ ಒಬ್ಬರು, ಇಷ್ಟಾದರೂ ಬೇಕು.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಸರಕಾರಿ ಬಸ್ಸಿನಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಚಿಂತೆ ತಪ್ಪಿದೆ. ಹಿಂದೆ ಊರು ಬಿಟ್ಟು ಹೋಗದವರು ಗುಂಪುಗುಂಪಾಗಿ ಗುಡಿಗೆ, ಸಂತೆಗೆ, ತವರಿಗೆ ಹೋಗುತ್ತಿದ್ದಾರೆ. ಬಸ್ಸು ಪುಕ್ಕಟೆಯಾಗಿ, ನಿಲ್ದಾಣದ ಪಾಯಖಾನೆಗೆ ಹೆಂಗಸರು ಮಾತ್ರ ರೊಕ್ಕ ಕೊಡುವುದಾದರೆ ಲೆಕ್ಕ ಸರಿಹೋಗುವುದಿಲ್ಲ. ರಸ್ತೆಬದಿಯಲ್ಲಿ ಮುಂದಿನ ಊರು ಎಷ್ಟು ದೂರ ಎಂದು ಬರೆದ ಫಲಕದ ಕೆಳಗೇ ಮುಂದಿನ ಪಾಯಖಾನೆ ಎಷ್ಟು ದೂರ ಎಂದೂ ಬರೆಯಲಿ. ಅವ್ವನಂಥವರು ಅದನ್ನು ಓದಿ, ಸಮಾಧಾನದಿಂದ ನೀರಿನ ಲೋಟ ಎತ್ತಲಿ.

ಅಲ್ಲಿಯವರೆಗೆ ನನ್ನ ಫೋನಿನಲ್ಲಿ ಒಂದು ಪಟ್ಟಿ ಇದೆ. ವಿಜಯಪುರದಿಂದ ಟಿಕೋಟಾ, ಬಬಲೇಶ್ವರದ ಕಡೆ ಹೊರಟವರು ಯಾರು ಕೇಳಿದರೂ ಕಳಿಸುತ್ತೇನೆ. ಎಲ್ಲಿ ಕಮೋಡ್ ಇದೆ, ಎಲ್ಲಿ ನೀರು ಒಯ್ಯಬೇಕು, ಎಲ್ಲಿ ಕೀಲಿ ಯಾರ ಹತ್ತಿರ ಇರುತ್ತದೆ, ಎಲ್ಲ ಬರೆದಿದ್ದೇನೆ. ಇಂಡಿ, ಚಡಚಣದ ದಾರಿಯದು ಇನ್ನೂ ಆಗಿಲ್ಲ. ಆ ಕಡೆಯವರು ಯಾರಾದರೂ ಬರೆದುಕೊಟ್ಟರೆ ಸೇರಿಸುತ್ತೇನೆ.